ಬಿಳಿ ಬಣ್ಣದ ಆರು

ತೆಗೆಸಿಬಿಡು ಅಂದವಳು ನಾನೇ.
ಎವೊರಾ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅಂದೆ,
ಕಾಗದವನ್ನು ಅವನಿನ್ನೂ ಮಡಿಸಿರಲಿಲ್ಲ.
ಹನ್ನೆರಡು ಸೂಜಿ ಚುಚ್ಚಿದ್ದರು, ಎರಡರಲ್ಲಿ ಸಿಕ್ಕಿತ್ತು.
ಡಾಕ್ಟರ್ ವಲದಾರಿಶ್, ನಮ್ಮ ಮಗಳಿಗಿಂತ ಚಿಕ್ಕವಳು,
"ಆರು" ಅಂದಳು.
ಈ ಲೆಕ್ಕ ಶುರುವಾಗುವುದೇ ಆರರಿಂದ,
ಅದಕ್ಕಿಂತ ಕೆಳಗೆ ನಾವು ಬರೆಯುವುದಿಲ್ಲ ಅಂದಳು.
ಎಂಥ ಲೆಕ್ಕವಪ್ಪಾ ಇದು,
ಒಂದರಿಂದ ಐದು ಯಾರ ಪಾಲಿಗೆ ಹೋಯಿತು?

ತೆಗೆಯಬಹುದು, ಅಂದಳು.
ಕಾಯಲೂಬಹುದು: ಆರು ತಿಂಗಳಿಗೊಮ್ಮೆ ರಕ್ತ,
ವರ್ಷ ಕಳೆದ ಮೇಲೆ ಮತ್ತೆ ಸೂಜಿ, ನಡುವೆ ಸ್ಕ್ಯಾನಿಂಗ್.
ಕಾಯುವುದೆಂದರೆ ಸುಮ್ಮನಿರುವುದಲ್ಲ,
ಕಣ್ಣಿಟ್ಟಿರುವುದು.
ಎರಡನ್ನು ಹೇಳುವಾಗಲೂ ಅವಳ ದನಿ ಒಂದೇ ಎತ್ತರದಲ್ಲಿತ್ತು,
ಅದೇ ನನಗೆ ಸಿಟ್ಟು.

ಬಸ್ಸಿನಲ್ಲಿ ಬೆಲ್ಮೀರು ಕಿಟಕಿಯಾಚೆಯ ಮರಗಳನ್ನು ನೋಡುತ್ತ ಬಂದ.
ನಲವತ್ತೈದು ಬೇಸಿಗೆ ಕಾರ್ಕ್ ಓಕಿನ ತೊಗಟೆ ಸುಲಿದವನು.
ಉಗುರಲ್ಲಿ ಹೋಗುವಾಗಲೇ ಚಿವುಟಿಬಿಡಬೇಕು, ಅಂದೆ.
"ಉಗುರೆಲ್ಲಿ ಬಂತು? ಅವರ ಕೈಲಿರುವುದು ಕೊಡಲಿ" ಅಂದ,
ಕೊಡಲಿಯ ವಿಷಯ ನನಗೆ ಹೇಳಬೇಡ ಎನ್ನುವ ಹಾಗೆ.

ನನ್ನ ತಮ್ಮ ಲೆಯೊನೆಲ್ ತೆಗೆಸಿಕೊಂಡು ಮೂರು ವರ್ಷ.
ಕಾಫಿ ಅಂಗಡಿಯಲ್ಲಿ ಅವನಿಗೆ ಕಕ್ಕಸಿನ ಪಕ್ಕದ ಕುರ್ಚಿಯೇ ಬೇಕು.
ಸೀನು ಬರುವ ಮೊದಲು ಕಾಲು ಜೋಡಿಸಿಕೊಳ್ಳುತ್ತಾನೆ.
ಅವನ ಹೆಂಡತಿ ಹಾಸಿಗೆಯ ಸಂಗತಿ ಅರ್ಧ ಹೇಳಿ
ಬಟಾಣಿ ಸುಲಿಯತೊಡಗಿದಳು.
ಆದರೂ ಕೇಳಿದಾಗ ಅವನು ಅಂದದ್ದು:
"ರಾತ್ರಿ ನಿದ್ದೆ ಬರುತ್ತದೆ, ಅಕ್ಕ.
ಅದು ನನ್ನೊಳಗಿಲ್ಲ ಅಂತ ಗೊತ್ತು."
ಸುಳ್ಳು ಹೇಳುವವನಲ್ಲ ಅವನು.

ಜೂನ್‌ನಲ್ಲಿ ಬುತ್ತಿ ಕೊಡಲು ಕಾಡಿಗೆ ಹೋದೆ.
ಹೊಸ ಹುಡುಗನೊಬ್ಬ ಹುರುಪಿನಲ್ಲಿ ಕೊಡಲಿ ಎತ್ತಿದ್ದ.
ಬೆಲ್ಮೀರು ಅವನ ತೋಳು ಹಿಡಿದ:
"ಸದ್ದು ಕೇಳು. ಟೊಳ್ಳು ಸದ್ದು ಬಂದರೆ ತಾನಾಗಿ ಬಿಟ್ಟುಕೊಡುತ್ತದೆ.
ಒಣ ಸದ್ದು ಬಂದರೆ ಮುಟ್ಟಬೇಡ, ಮುಂದಿನ ವರ್ಷ ಬರೋಣ.
ಕೂದಲೆಳೆ ಹೆಚ್ಚು ಆಳಕ್ಕೆ ಹೋದೆಯೋ ತಾಯಿಪದರಕ್ಕೇ ಗಾಯ,
ಆ ಜಾಗದಲ್ಲಿ ಇನ್ನು ತೊಗಟೆ ಬರುವುದಿಲ್ಲ."
ಹುಡುಗನಿಗೆ ಹೇಳಿದ್ದು.
ನನ್ನ ಕಡೆ ನೋಡಲೂ ಇಲ್ಲ.

ನೀನೇನು ಮರವಲ್ಲ, ಅಂದೆ ಮನೆಗೆ ಬಂದು.
ಮರಕ್ಕೆ ಹೆಂಡತಿ ಇರುವುದಿಲ್ಲ.

ರೊಟ್ಟಿಯ ಚೂರಿನಲ್ಲಿ ತಟ್ಟೆಯ ಎಣ್ಣೆ ಒರೆಸುತ್ತ ಕೂತ,
ಎಣ್ಣೆ ಮುಗಿದ ಮೇಲೂ ಒರೆಸಿದ.
"ನನಗೆ ಹೆದರಿಕೆ ಇಲ್ಲ ಅಂದುಕೊಂಡೆಯಾ?
ಅದೂ ಹೆದರಿಕೆ, ಇದೂ ಹೆದರಿಕೆ.
ಇದರ ಜೊತೆ ಸ್ವಲ್ಪ ದೂರ ನಡೆದು ನೋಡುತ್ತೇನೆ.
ಅಂಕೆ ಏರಿದರೆ ನಾನೇ ಹೋಗಿ ಆ ಮೇಜಿನ ಮೇಲೆ ಮಲಗುತ್ತೇನೆ."

ಸುಲಿದ ಮರಕ್ಕೆ ಇಸವಿಯ ಕೊನೆಯ ಅಂಕೆ ಬರೆಯುವುದು ವಾಡಿಕೆ.
ಈ ವರ್ಷದ್ದು ಆರು.
ಒಂಬತ್ತು ವರ್ಷ ಮತ್ತೆ ಯಾರೂ ಮುಟ್ಟುವಂತಿಲ್ಲ.
ಕೊನೆಯ ದಿನ ಕುಂಚವನ್ನು ನನ್ನ ಕೈಗೆ ಕೊಟ್ಟ.
ಒಂಬತ್ತು ಕೂಡಿಸಿದೆ: ಅವನಿಗಾಗ ಎಪ್ಪತ್ತೆರಡು.
ಹಸಿ ಕೆಂಪು ಕಾಂಡದ ಮೇಲೆ ಬಣ್ಣ ಜಾರಿತು,
ಆರಿಗೊಂದು ಬಾಲ ಬಂತು,
ಹೆಬ್ಬೆರಳಲ್ಲಿ ಒರೆಸಿದೆ.

ಒಪ್ಪಿದೆ ಅಂತಲ್ಲ.
ಅವನ ಮೈಯನ್ನು ಅವನಿಗೆ ಬಿಟ್ಟೆ, ಅಷ್ಟೆ.
ಕಣ್ಣಿಡುವ ಕೆಲಸವನ್ನು ಮಾತ್ರ ಆ ಡಾಕ್ಟರಮ್ಮನೊಬ್ಬಳಿಗೇ ಬಿಟ್ಟಿಲ್ಲ.
ರಾತ್ರಿ ಮೂರಕ್ಕೆ ಅವನೇಳುತ್ತಾನೆ.
ಬಚ್ಚಲ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.
ಧಾರೆ ಶುರುವಾಗುವವರೆಗೆ ಉಸಿರು ಬಿಗಿಹಿಡಿಯುತ್ತೇನೆ,
ಆಮೇಲೆ ಎಣಿಸುತ್ತೇನೆ.

ನಿನ್ನೆ ಕತ್ತಲಲ್ಲಿ ಅವನ ದನಿ:
"ಎರ್ಮೆಲಿಂದಾ, ಎಷ್ಟಾಯಿತು?"

ನಿದ್ದೆ ಹೋದವಳ ಹಾಗೆ ಮಗ್ಗುಲಾದೆ.
ಹತ್ತೊಂಬತ್ತು.
ಮೊನ್ನೆ ಹದಿನೇಳಿತ್ತು.
ಹೆಚ್ಚಾದರೆ ಒಳ್ಳೆಯದೋ ಕೆಟ್ಟದ್ದೋ
ಅಕ್ಟೋಬರಿನಲ್ಲಿ ಹೋದಾಗ ಕೇಳಬೇಕು.